ಬಾಡಿಗೆ 6,000 ಕಮ್ಮಿ ಅಂದ್ರೆ ಉಳಿಯೋದೂ ಅಷ್ಟೇನಾ?

ಮಾರತ್ತಹಳ್ಳಿಯ ಟೂ ಬಿಎಚ್‌ಕೆಗೆ 32,000 ಕೊಡ್ತಿದ್ದೀರಿ, ಪುಣೆಯ ಹಿಂಜವಡಿಯಲ್ಲಿ 26,000ಕ್ಕೆ ನೋಡಿದ್ದೀರಿ, ತಿಂಗಳಿಗೆ 6,000 ಉಳಿಯುತ್ತಾ ಅಂತ ಕೇಳಿದ್ದೀರಿ. ಒಂದಷ್ಟು ಉಳಿಯುತ್ತೆ, ಪೂರ್ತಿ ಕಷ್ಟ.

ಅಡ್ವಾನ್ಸ್ ವಿಷಯದಲ್ಲಿ ಮಾತ್ರ ಪುಣೆಯೇ ಮೇಲು. ಬೆಂಗಳೂರಲ್ಲಿ ಐದಾರು ತಿಂಗಳದ್ದು ಕೇಳೋದು ಮಾಮೂಲು, ಅಲ್ಲಿ ಸಾಮಾನ್ಯವಾಗಿ ಎರಡು-ಮೂರು. ಆರು ತಿಂಗಳದ್ದು ಅಂದ್ರೆ 1.92 ಲಕ್ಷ, ಅಲ್ಲಿ ಮೂರು ತಿಂಗಳದ್ದು 78,000. ಉಳಿದ 1.14 ಲಕ್ಷಕ್ಕೆ ಶೇ 7 ಬಡ್ಡಿ ಹಿಡಿದರೂ ವರ್ಷಕ್ಕೆ ಸುಮಾರು 8,000 ಆಯ್ತು. ಆದರೆ ಇಲ್ಲಿನ ಓನರ್ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡೇ ವಾಪಸ್ ಕೊಡೋದು, ಅದನ್ನೂ ಈಗಲೇ ಕಳೆದುಬಿಡಿ.

ಮಹಾರಾಷ್ಟ್ರದಲ್ಲಿ 'ಲೀವ್ ಅಂಡ್ ಲೈಸೆನ್ಸ್' (ಅಲ್ಲಿನ ಮಾಮೂಲಿ ಬಾಡಿಗೆ ಕರಾರು) ನೋಂದಾಯಿಸಲೇಬೇಕು. ಬರೀ ಛಾಪಾ ಕಾಗದ, ನೋಟರಿ ನಡೆಯಲ್ಲ. ಸ್ಟ್ಯಾಂಪ್ ಡ್ಯೂಟಿ ಒಟ್ಟು ಬಾಡಿಗೆಯ ಶೇ 0.25ರಷ್ಟು, 11 ತಿಂಗಳಿಗೆ ನಿಮ್ಮದು 700 ಚಿಲ್ಲರೆ. ನೋಂದಣಿ ಶುಲ್ಕ, ಏಜೆಂಟ್ ಚಾರ್ಜು ಬೇರೆ. ಯಾರು ಕಟ್ಟಬೇಕು ಅಂತ ಮೊದಲೇ ಮಾತಾಡಿ. ಬ್ರೋಕರ್‌ಗೆ ಒಂದು ತಿಂಗಳದ್ದು ಎರಡೂ ಕಡೆ ಇದೆ, ಕರಾರು ನವೀಕರಿಸುವಾಗ ಮತ್ತೆ ಕೇಳ್ತಾರಾ ಅನ್ನೋದನ್ನು ಬಾಯಿಬಿಟ್ಟು ಕೇಳಿ.

ಮೇಂಟೆನೆನ್ಸ್ 26,000ದ ಒಳಗಾ ಹೊರಗಾ? ಆ ಭಾಗದ ಎಷ್ಟೋ ಅಪಾರ್ಟ್‌ಮೆಂಟ್ ಸೊಸೈಟಿಗಳು ಟ್ಯಾಂಕರ್ ನೀರು ನಂಬಿಕೊಂಡಿವೆ. ಓನರ್ ಹೇಳಿದ್ದು ಬಿಡಿ, ವಾಚ್‌ಮನ್ ಹತ್ರ ಏಪ್ರಿಲ್-ಮೇ ತಿಂಗಳ ಕಥೆ ಕೇಳಿ.

ಕಾರು ಒಯ್ಯುತ್ತೀರಾದರೆ, 12 ತಿಂಗಳು ದಾಟಿದ ಮೇಲೆ ಅಲ್ಲಿ ಮರುನೋಂದಣಿ ಮಾಡಿಸಿ ರೋಡ್ ಟ್ಯಾಕ್ಸ್ ಕಟ್ಟಬೇಕು. ಅದು ಬಾಡಿಗೆ ಲೆಕ್ಕಕ್ಕೆ ಸೇರಲ್ಲ, ಜೇಬಿಗಂತೂ ಭಾರವೇ.