ಇಂಗ್ಲಿಷ್ ವಾಕ್ಯದಲ್ಲಿ ‘ಜ್ಯಾಂಟಿಪಿ’ ಅನ್ನೋ ಹೆಸರನ್ನು ಬಳಸೋದು ಹೇಗೆ?

ಜ್ಯಾಂಟಿಪಿ (Xanthippe) ಅಥೆನ್ಸಿನ ತತ್ತ್ವಜ್ಞಾನಿ ಸಾಕ್ರಟೀಸನ ಹೆಂಡತಿ. ಇಂಗ್ಲಿಷಿನಲ್ಲಿ ಆಕೆಯ ಹೆಸರನ್ನು ‘ಬಜಾರಿ’ ಅನ್ನೋ ಅರ್ಥದಲ್ಲಿ ಬಳಸುತ್ತಾರೆ. ‘ಹಿಸ್ ವೈಫ್ ವಾಸ್ ಎ ಜ್ಯಾಂಟಿಪಿ’ ಅಂದರೆ ಅವನ ಹೆಂಡತಿ ಸದಾ ಜಗಳ ಕಾಯುವವಳು ಅಂತ. ಸ್ಪೆಲಿಂಗ್ ಎಕ್ಸ್‌ನಿಂದ ಶುರುವಾದರೂ ಉಚ್ಚಾರಣೆ ಝಡ್‌ನದು. ಹಾಗಾಗಿ ಹಿಂದೆ ‘ಎ’ ಬರಬೇಕು, ‘ಆ್ಯನ್’ ಅಲ್ಲ. ಮೊದಲ ಅಕ್ಷರ ಕ್ಯಾಪಿಟಲ್ ಇರಲಿ.

ವ್ಯಾಕರಣ ಇಷ್ಟೇ. ಆದರೆ ಈ ಹೆಸರನ್ನು ಸುಮ್ನೆ ಬೈಗುಳ ಮಾಡೋದು ನನಗೆ ಅನ್ಯಾಯ ಅನಿಸುತ್ತದೆ. ಕೆಟ್ಟ ಹೆಸರು ಅಂಟಿಸಿದ್ದು ಗಂಡಸರ ಬರಹಗಳು. ಸಾಕ್ರಟೀಸನ ಶಿಷ್ಯ ಕ್ಸೆನೊಫೋನ್ ಬರೆದ ಒಂದು ಔತಣದ ಪ್ರಸಂಗದಲ್ಲಿ ಆಂಟಿಸ್ತನೀಸ್ ಅನ್ನೋ ಇನ್ನೊಬ್ಬ ಶಿಷ್ಯ ಆಕೆಯಷ್ಟು ಕಷ್ಟದ ಹೆಂಡತಿ ಇನ್ನೊಬ್ಬಳಿಲ್ಲ ಅನ್ನುತ್ತಾನೆ. ಮತ್ತೊಬ್ಬ ಶಿಷ್ಯ ಪ್ಲೇಟೋ ಬರೆದ ‘ಫೀಡೋ’ ಅನ್ನೋ ಸಂವಾದದಲ್ಲಿ ಕಾಣುವವಳೇ ಬೇರೆ. ಕ್ರಿ.ಪೂ. 399, ಮರಣದಂಡನೆಗೆ ಗುರಿಯಾದ ಸಾಕ್ರಟೀಸ್ ವಿಷ ಕುಡಿಯಬೇಕಾದ ದಿನ. ಸೆರೆಮನೆಯಲ್ಲಿ ಮಗುವನ್ನು ಎತ್ತಿಕೊಂಡು ಅವನ ಪಕ್ಕ ಕೂತಿದ್ದಾಳೆ. ನೀನೂ ನಿನ್ನ ಗೆಳೆಯರೂ ಮಾತಾಡೋದು ಇದೇ ಕೊನೆ ಅಂತ ಗೋಳಾಡುತ್ತಾಳೆ. ಅವನು ಆಕೆಯನ್ನು ಮನೆಗೆ ಕಳಿಸಿಬಿಡುತ್ತಾನೆ. ಅಂಥ ಹೊತ್ತಲ್ಲೂ ಗಂಡನ ಗೆಳೆಯರನ್ನು ನೆನೆದವಳು ಬಜಾರಿನಾ?

ಹಳೇ ಪುಸ್ತಕಗಳನ್ನು ಓದುವಾಗ ಈ ಅರ್ಥ ಗೊತ್ತಿರಬೇಕು, ಸರಿ. ನೀವೇ ಬರೆಯುವಾಗ ಮಾತ್ರ ಆಕೆಯ ಹೆಸರನ್ನು ಆಕೆಗೇ ಬಿಡಿ.