ನ್ಯೂಜೆರ್ಸಿಯ ಶಾಪ್‌ಲಿಫ್ಟಿಂಗ್ ಕೇಸ್: ಯಾವ ರಾಜ್ಯದಲ್ಲಿ ರೆಕಾರ್ಡ್ ಬೇಗ ಅಳಿಸುತ್ತಾರೆ?

ನಿಮ್ಮ ಪತ್ರ ಓದಿದೆ: ನ್ಯೂಜೆರ್ಸಿಯಲ್ಲಿ ಶಾಪ್‌ಲಿಫ್ಟಿಂಗ್ (ಅಂಗಡಿ ಕಳ್ಳತನ) ಕೇಸ್, ಸೆಲ್ಫ್ ಚೆಕ್‌ಔಟ್, 200 ಡಾಲರ್ ಒಳಗಿನ ಸಾಮಾನು, ಎಚ್-1ಬಿ ಕೆಲಸದ ವೀಸಾ, ‘ಕಂಡೀಷನಲ್ ಡಿಸ್‌ಮಿಸಲ್ (ಷರತ್ತಿನ ಮೇಲೆ ಕೇಸ್ ವಜಾ) ತಗೊಳ್ಳಿ, ಆಮೇಲೆ ಎಕ್ಸ್‌ಪಂಜ್ ಮಾಡಿಸಿದರೆ, ಅಂದರೆ ರೆಕಾರ್ಡ್ ಅಳಿಸಿದರೆ, ಮುಗೀತು’ ಅನ್ನುವ ವಕೀಲರು. ಇದರಲ್ಲಿ ನನಗೆ ಹೊಸದು ಒಂದೂ ಇಲ್ಲ. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ಟೆಕ್ಸಸ್ ಕಾನೂನುಗಳನ್ನೆಲ್ಲ ಓದಿ, ಎಲ್ಲಿ ಬೇಗ ಅಳಿಸುತ್ತಾರೋ ಆ ರಾಜ್ಯಕ್ಕೆ ಕೆಲಸ ಬದಲಾಯಿಸಬೇಕು ಅಂತ ಯೋಚಿಸಿದ್ದೀರಿ. ಬೇಡ. ಕೇಸ್ ನಡೆದ ರಾಜ್ಯದ ಕಾನೂನೇ ಅದಕ್ಕೆ ಅನ್ವಯ. ಡಲ್ಲಾಸ್‌ಗೆ ಮನೆ ಬದಲಾಯಿಸಿದರೂ ಅಳಿಸಬೇಕಾದದ್ದು ನ್ಯೂಜೆರ್ಸಿಯೇ. ಅದಕ್ಕಿಂತ ದೊಡ್ಡ ವಿಷಯ ಅಂದರೆ, ನೀವು ಹೆದರಬೇಕಾದದ್ದು ಯಾವ ರಾಜ್ಯಕ್ಕೂ ಅಲ್ಲ, ಕೇಂದ್ರ ಸರ್ಕಾರದ ಇಮಿಗ್ರೇಷನ್ ಕಾನೂನಿಗೆ.

ನನಗೂ ಇದೇ ಆಗಿತ್ತು: ಅಂಗಡಿಯ ತಳ್ಳುಗಾಡಿಯ ಕೆಳತಟ್ಟೆಯಲ್ಲಿ ಅಕ್ಕಿ ಮೂಟೆ, ಡೈಪರ್ ಬಾಕ್ಸ್ ಇದ್ದವು. ಸ್ಕ್ಯಾನ್ ಆಗಿರಲಿಲ್ಲ. ಮರೆತೆನೋ ಬಿಟ್ಟೆನೋ ಅನ್ನುವ ಚರ್ಚೆ ಇಲ್ಲಿ ಬೇಡ, ಪೊಲೀಸರೂ ಕೇಳಲಿಲ್ಲ. ಠಾಣೆಯಲ್ಲಿ ಬೆರಳಚ್ಚು ತೆಗೆದರು, ಮುನ್ಸಿಪಲ್ ಕೋರ್ಟಿನ ಸಮನ್ಸ್ ಕೊಟ್ಟು ಕಳಿಸಿದರು. ಕನ್ನಡ ಕೂಟದ ಗೆಳೆಯರೊಬ್ಬರು ಒಬ್ಬ ವಕೀಲರನ್ನು ಹೇಳಿದರು. ಸ್ಪೀಡಿಂಗ್ ಟಿಕೆಟ್ ಬಿಡಿಸುವುದರಲ್ಲಿ ಎತ್ತಿದ ಕೈ. ಇಮಿಗ್ರೇಷನ್ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಜಡ್ಜ್ ಮುಂದೆ ‘ಗಿಲ್ಟಿ’ ಅಂದೆ, ಒಂದು ವರ್ಷ ನಿಗಾದಲ್ಲಿದ್ದೆ, ಕೇಸ್ ಡಿಸ್‌ಮಿಸ್ ಆಯಿತು. ಆರು ತಿಂಗಳು ಕಳೆಯುವುದನ್ನೇ ಕಾದು ಎಕ್ಸ್‌ಪಂಜ್‌ಮೆಂಟ್‌ಗೆ ಅರ್ಜಿ ಹಾಕಿದೆ, ಆರ್ಡರ್ ಬಂತು. ಹೆಂಡತಿ ಅವತ್ತು ಪಾಯಸ ಮಾಡಿದ್ದಳು!

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದ್ರೆ ನೀವು ಇದನ್ನೇ ಮಾಡುವ ಹಾದಿಯಲ್ಲಿದ್ದೀರಿ. ಅಪ್ಪನಿಗೆ 70 ತುಂಬಿತು, ಹಾಸನದಲ್ಲಿ ಭೀಮರಥ ಶಾಂತಿ. ನನ್ನ ವೀಸಾ ಮುಗಿದಿತ್ತು, ಹಾಗಾಗಿ ಊರಿಗೆ ಹೋದಾಗ ಸ್ಟ್ಯಾಂಪಿಂಗ್ (ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸುವುದು) ಆಗಲೇಬೇಕಿತ್ತು. ವೀಸಾ ಅರ್ಜಿಯ ಡಿಎಸ್-160 ಫಾರ್ಮ್ ತುಂಬಿಸುವಾಗ ಆ ಪ್ರಶ್ನೆ ಬಂತು: ಯಾವತ್ತಾದರೂ ಯಾವುದೇ ಅಪರಾಧಕ್ಕೆ ಬಂಧನ ಅಥವಾ ಕನ್ವಿಕ್ಷನ್ (ಅಪರಾಧಿ ಅನ್ನುವ ತೀರ್ಮಾನ) ಆಗಿದೆಯೇ, ಕ್ಷಮಾದಾನವೋ ಅಂಥದ್ದೇ ಇನ್ನೊಂದೋ ಸಿಕ್ಕಿದ್ದರೂ ಸರಿ? ನಾನು ‘ಇಲ್ಲ’ ಒತ್ತಿದೆ.

ಗೊತ್ತಿದ್ದೂ ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ. ನ್ಯೂಜೆರ್ಸಿಯ ಕಾನೂನೇ ಹೇಳುತ್ತದೆ, ಎಕ್ಸ್‌ಪಂಜ್ ಆದಮೇಲೆ ಆ ಬಂಧನ, ಆ ಕೇಸ್ ನಡೆದೇ ಇಲ್ಲ ಅಂತ ಭಾವಿಸತಕ್ಕದ್ದು, ಯಾರಾದರೂ ಕೇಳಿದರೆ ಹಾಗೆಯೇ ಉತ್ತರಿಸಬಹುದು ಅಂತ. ಅದಕ್ಕೂ ಕೆಲವು ವಿನಾಯಿತಿಗಳಿವೆ, ಅವನ್ನು ನಾನು ಓದಲಿಲ್ಲ. ಮೊದಲ ಸಾಲು ಓದಿದೆ, ಖುಷಿಯಾಯಿತು, ಅಷ್ಟೇ. ಅದರ ಮೇಲೆ ಕ್ಲೈಂಟ್ ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್ ಬೇರೆ ಕ್ಲೀನ್ ಅಂತ ಬಂದಿತ್ತು. ಅದನ್ನು ನೋಡಿ ಧೈರ್ಯ ಬಂತು. ‘ಕ್ಷಮಾದಾನ ಸಿಕ್ಕಿದ್ದರೂ’ ಅನ್ನುವ ತುಂಡನ್ನು ನಾನು ಓದಿದ್ದೆ. ಆದರೆ ಅದು ದೊಡ್ಡ ಅಪರಾಧ ಮಾಡಿದವರಿಗೆ ಅಂದುಕೊಂಡೆ. ಅಕ್ಕಿ ಮೂಟೆಗೆ ಯಾರು ಕ್ಷಮಾದಾನ ಕೊಡುತ್ತಾರೆ ಹೇಳಿ? ರಾತ್ರಿ ಕೂತು ಫಾರ್ಮ್ ತುಂಬಿಸುತ್ತಿದ್ದೆ, ಹೆಂಡತಿ ಪಕ್ಕದಲ್ಲೇ ಇದ್ದಳು, ‘ಒಂದ್ಸಲ ಯಾರನ್ನಾದ್ರೂ ಕೇಳಿ’ ಅಂದಳು. ಕೇಳಲಿಲ್ಲ. ಇಮಿಗ್ರೇಷನ್ ವಕೀಲರ ಒಂದು ಗಂಟೆಯ ಫೀಸು ಉಳಿಸಿದೆ.

ಅಮೆರಿಕನ್ ಕಾನ್ಸುಲೇಟಿನಲ್ಲಿ ಕಿಟಕಿಯ ಆಚೆ ಇದ್ದ ಆಫೀಸರ್ ಬೆರಳಚ್ಚು ನೋಡಿ, ಸ್ಕ್ರೀನ್ ನೋಡಿ, ‘ನಿಮ್ಮನ್ನು ಯಾವತ್ತಾದರೂ ಅರೆಸ್ಟ್ ಮಾಡಿದ್ದಾರಾ?’ ಅಂತ ಕೇಳಿದರು. ಧ್ವನಿಯಲ್ಲೇ ಗೊತ್ತಾಯಿತು, ಉತ್ತರ ಅವರ ಹತ್ತಿರ ಇದೆ. ತಕ್ಷಣ ಎಲ್ಲ ಹೇಳಿದೆ. ಎಕ್ಸ್‌ಪಂಜ್‌ಮೆಂಟ್ ಆರ್ಡರ್ ತೋರಿಸಿದೆ. ಅವರು ಅದನ್ನು ಸರಿಯಾಗಿ ನೋಡಲೂ ಇಲ್ಲ. ವೀಸಾ ತಡೆಹಿಡಿಯುವ 221(ಜಿ) ಚೀಟಿ ಕೊಟ್ಟರು: ಕೋರ್ಟಿನ ಪ್ರಮಾಣಿತ ದಾಖಲೆ ತನ್ನಿ, ದೂರು, ಪ್ಲೀ (ಗಿಲ್ಟಿ ಅಥವಾ ಅಲ್ಲ ಅಂತ ಜಡ್ಜ್ ಮುಂದೆ ಹೇಳಿದ್ದು), ತೀರ್ಪು, ಎಲ್ಲ.

ಎಲ್ಲಿಂದ ತರುವುದು? ನಾನೇ ದುಡ್ಡು ಕೊಟ್ಟು ಅಳಿಸಿದ್ದೆನಲ್ಲ. ಮುನ್ಸಿಪಲ್ ಕೋರ್ಟಿಗೆ ಫೋನ್ ಮಾಡಿದರೆ ‘ಆ ಹೆಸರಲ್ಲಿ ಏನೂ ಇಲ್ಲ’ ಅಂದರು. ಅವರು ಹಾಗೇ ಹೇಳಬೇಕು, ಕಾನೂನು ಇರುವುದೇ ಹಾಗೆ. ಅಳಿಸಿದ ದಾಖಲೆ ನೋಡಲು ಸುಪೀರಿಯರ್ ಕೋರ್ಟಿಗೆ ಮೋಷನ್ ಹಾಕಿ ಅನುಮತಿ ತರಬೇಕು. ಹಾಸನದಲ್ಲಿ ಕೂತು ನ್ಯೂಜೆರ್ಸಿಯ ವಕೀಲರ ಬೆನ್ನು ಹತ್ತಿದೆ. ಶಾಂತಿ ಮುಗಿದು ನೆಂಟರೆಲ್ಲ ಹೋದರು, ನಾನು ಮಾತ್ರ ಅಲ್ಲೇ. ‘ಯಾವಾಗಪ್ಪಾ ವಾಪಸ್?’ ಅಂತ ಬೀದಿಯಲ್ಲಿ ಕೇಳದವರಿಲ್ಲ. ಕಂಪನಿ ಮೊದಲು ಸಂಬಳವಿಲ್ಲದ ರಜೆ ಕೊಟ್ಟಿತು, ಆಮೇಲೆ ಕೈಬಿಟ್ಟಿತು. ಹೆಂಡತಿಗೆ ಅವಳದೇ ಎಚ್-1ಬಿ ಇದ್ದದ್ದರಿಂದ ಅವಳೂ ಮಗುವೂ ಅಲ್ಲಿ ಉಳಿದರು. ಅವಳು ನನ್ನ ವೀಸಾವನ್ನೇ ಅವಲಂಬಿಸಿದ ಎಚ್-4ನಲ್ಲಿ ಇದ್ದಿದ್ದರೆ ಅವಳ ಸ್ಟೇಟಸ್ಸೂ ನನ್ನ ಕೆಲಸದ ಜೊತೆಗೇ ಹೋಗುತ್ತಿತ್ತು. ಕೊನೆಗೆ ಬೇರೆ ಕಂಪನಿ ಅರ್ಜಿ ಹಾಕಿತು. ಈ ಸಲ ‘ಹೌದು’ ಅಂತ ಬರೆದೆ, ಪೇಪರ್ ಇಟ್ಟೆ. ವೀಸಾ ಸಿಕ್ಕಿತು.

ಇದರಲ್ಲಿ ನನ್ನ ಹೊಟ್ಟೆ ಉರಿಸುವ ಭಾಗ ಇದು. ಕಳ್ಳತನ ಅಮೆರಿಕದ ಇಮಿಗ್ರೇಷನ್ ಕಾನೂನಿನಲ್ಲಿ ‘ಮಾರಲ್ ಟರ್ಪಿಟ್ಯೂಡ್’ (ನೀತಿಗೆಟ್ಟ ನಡತೆಯ) ಅಪರಾಧ, ಸಾಮಾನ್ಯವಾಗಿ ಬಾಗಿಲು ಮುಚ್ಚುತ್ತದೆ. ಆದರೆ ಇಂಥದ್ದು ಒಂದೇ ಒಂದು ಇದ್ದು, ಗರಿಷ್ಠ ಶಿಕ್ಷೆ ಒಂದು ವರ್ಷ ಮೀರದೆ, ನಿಮಗೆ ಆದ ಜೈಲು ಆರು ತಿಂಗಳು ಮೀರದಿದ್ದರೆ ಪೆಟಿ ಅಫೆನ್ಸ್ (ಸಣ್ಣ ಅಪರಾಧ) ವಿನಾಯಿತಿ ಇದೆ. ನ್ಯೂಜೆರ್ಸಿಯಲ್ಲಿ 200 ಡಾಲರ್‌ಗಿಂತ ಕಡಿಮೆಯ ಶಾಪ್‌ಲಿಫ್ಟಿಂಗ್ ‘ಡಿಸಾರ್ಡರ್ಲಿ ಪರ್ಸನ್ಸ್’ ಅನ್ನುವ ಸಣ್ಣ ದರ್ಜೆಯ ಅಪರಾಧ, ಗರಿಷ್ಠ ಶಿಕ್ಷೆಯೇ ಆರು ತಿಂಗಳು. ಅಂದರೆ ಮೊದಲೇ ‘ಹೌದು’ ಅಂದಿದ್ದರೆ ನಾನು ಆ ವಿನಾಯಿತಿಯೊಳಗೆ ಬರುತ್ತಿದ್ದೆ. ಉದ್ದೇಶಪೂರ್ವಕ ಸುಳ್ಳು ಅಂತ ತೀರ್ಮಾನವಾಗಿದ್ದರೆ ಮಾತ್ರ ಜೀವನಪರ್ಯಂತ ನಿಷೇಧ, ವೇವರ್ (ನಿಷೇಧದಿಂದ ಮಾಫಿ) ಸಿಕ್ಕರೆ ಮಾತ್ರ ಪಾರು. ಕೇಳಿದ ಕೂಡಲೇ ನಿಜ ಹೇಳಿದ್ದರಿಂದ ನನ್ನನ್ನು ಬಿಟ್ಟರು ಅಂತ ಆಮೇಲೆ ವಕೀಲರು ಹೇಳಿದರು.

ಇಷ್ಟು ಹೇಳಿದ ಮೇಲೆ ಕಾನೂನಿನ ಬುಡ. 1996ರಲ್ಲಿ ಅಮೆರಿಕದ ಸಂಸತ್ತು ಇಮಿಗ್ರೇಷನ್‌ಗೆ ಮಾತ್ರ ಕನ್ವಿಕ್ಷನ್ ಅಂದರೇನು ಅಂತ ಬೇರೆಯೇ ಬರೆದಿಟ್ಟಿತು. ನೀವು ತಪ್ಪೊಪ್ಪಿಕೊಂಡಿದ್ದು, ಜಡ್ಜ್ ಯಾವುದೋ ದಂಡವನ್ನೋ ನಿರ್ಬಂಧವನ್ನೋ ಹಾಕಿದ್ದರೆ ಸಾಕು, ಅದು ಕನ್ವಿಕ್ಷನ್ನೇ. ರಾಜ್ಯ ಆಮೇಲೆ ಡಿಸ್‌ಮಿಸ್ ಅನ್ನಲಿ, ಸೀಲ್ (ದಾಖಲೆ ಹೊರಗಿನವರಿಗೆ ಕಾಣದಂತೆ ಮುಚ್ಚುವುದು) ಅನ್ನಲಿ. 1999ರ ರೋಲ್ಡನ್ ತೀರ್ಪಿನಲ್ಲಿ ಇಮಿಗ್ರೇಷನ್ ಮೇಲ್ಮನವಿ ಮಂಡಳಿ ಇದನ್ನೇ ಹೇಳಿತು. 2003ರ ಪಿಕರಿಂಗ್ ತೀರ್ಪು ಸಣ್ಣ ಬಾಗಿಲು ಬಿಟ್ಟಿತು: ಕೇಸ್ ನಡೆದ ರೀತಿಯಲ್ಲೇ ಕಾನೂನಿನ ದೋಷ ಇತ್ತು ಅಂತ ಕೋರ್ಟ್ ತೀರ್ಪು ರದ್ದು ಮಾಡಿದರೆ ಮಾತ್ರ ಲೆಕ್ಕಕ್ಕಿಲ್ಲ. ಸುಧಾರಿಸಿದ್ದಾನೆ, ಪಾಪ, ಅಂತ ಅಳಿಸಿದರೆ ಲೆಕ್ಕಕ್ಕಿದೆ.

ಈಗ ನಿಮ್ಮ ಕಂಡೀಷನಲ್ ಡಿಸ್‌ಮಿಸಲ್ ನೋಡಿ. ಅದು ಶುರುವಾಗುವುದೇ ಗಿಲ್ಟಿ ಅನ್ನುವುದರಿಂದ, ಆಮೇಲೆ ಒಂದು ವರ್ಷ ನಿಗಾ. ಎರಡೂ ಇದೆಯಲ್ಲ! ಅದೇ ರಾಜ್ಯದಲ್ಲಿ ದೊಡ್ಡ ಕೇಸ್‌ಗಳಿಗೆ ಇರುವ, ವಿಚಾರಣೆಗೆ ಮೊದಲೇ ನಿಗಾದಲ್ಲಿಡುವ ಪ್ರೀಟ್ರಯಲ್ ಇಂಟರ್ವೆನ್ಷನ್‌ನಲ್ಲಿ ಸಾಮಾನ್ಯವಾಗಿ ತಪ್ಪೊಪ್ಪಿಗೆ ಕೇಳುವುದಿಲ್ಲ, ಹಾಗಾಗಿ ಅದು ಇಮಿಗ್ರೇಷನ್ ದೃಷ್ಟಿಯಲ್ಲಿ ಎಷ್ಟೋ ವಾಸಿ. ಸಣ್ಣ ಕಳ್ಳತನದವನಿಗಿಂತ ದೊಡ್ಡ ಕಳ್ಳತನದವನೇ ಪಾರು. ತಮಾಷೆ ಅಲ್ವಾ?

ನೀವು ಓದುತ್ತಿರುವ ರಾಜ್ಯದ ಕಾನೂನುಗಳು ಕೆಟ್ಟವೇನಲ್ಲ. 2018ರಲ್ಲಿ ಪೆನ್ಸಿಲ್ವೇನಿಯಾ ತಾನಾಗಿಯೇ ಸೀಲ್ ಆಗುವ ಕ್ಲೀನ್ ಸ್ಲೇಟ್ ಕಾನೂನನ್ನು ಮೊದಲು ತಂದಿತು. ನ್ಯೂಜೆರ್ಸಿ 2019ರಲ್ಲಿ ತನ್ನದೊಂದು ಮಾಡಿತು. ನ್ಯೂಯಾರ್ಕ್‌ನದು 2024ರ ನವೆಂಬರ್‌ನಲ್ಲಿ ಜಾರಿಗೆ ಬಂತು, ಸೀಲ್ ಮಾಡಿ ಮುಗಿಸಲು ಕೋರ್ಟುಗಳಿಗೆ 2027ರವರೆಗೆ ಸಮಯ ಇದೆ. ಬಾಡಿಗೆ ಮನೆ, ಖಾಸಗಿ ಕೆಲಸ ಇವಕ್ಕೆಲ್ಲ ತುಂಬ ಉಪಯೋಗ. ನಿಮ್ಮ ಪಕ್ಕದ ಮನೆಯವರು ಸಿಟಿಜನ್ ಆಗಿದ್ದರೆ ಖಂಡಿತ ಮಾಡಿಸಿಕೊಳ್ಳಲಿ. ನಮಗೆ ಡಿಎಸ್-160, ಗ್ರೀನ್ ಕಾರ್ಡಿನ ಐ-485, ಮುಂದೆ ಸಿಟಿಜನ್‌ಶಿಪ್ಪಿನ ಎನ್-400, ಎಲ್ಲದರಲ್ಲೂ ಬಂಧನದ ಪ್ರಶ್ನೆ ಇದ್ದೇ ಇದೆ. ಅಳಿಸಿದ್ದನ್ನೂ ಹೇಳಲೇಬೇಕು.

ಹಾಗಾದರೆ ಏನು ಮಾಡುವುದು? ಮುಂದಿನ ವಾರದ ಕೋರ್ಟಿನ ತಾರೀಕನ್ನು ಮುಂದೂಡಿಸಿ. ಇನ್ನೂ ಗಿಲ್ಟಿ ಅಂದಿಲ್ಲ ತಾನೇ? ಅದೊಂದೇ ನಿಮ್ಮ ಕೈಯಲ್ಲಿರುವ ಬಂಡವಾಳ. ಒಬ್ಬ ಇಮಿಗ್ರೇಷನ್ ವಕೀಲರಿಗೆ ದುಡ್ಡು ಕೊಟ್ಟು, ಅವರನ್ನು ನಿಮ್ಮ ಕ್ರಿಮಿನಲ್ ವಕೀಲರ ಜೊತೆ ಮಾತಾಡಿಸಿ. 2010ರ ಪಡಿಲ್ಲಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಪ್ಲೀಯಿಂದ ಇಮಿಗ್ರೇಷನ್‌ಗೆ ಏನಾಗುತ್ತದೆ ಅಂತ ಕಕ್ಷಿದಾರನಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಹೊಣೆ ಅಂತ. ಅದನ್ನು ಬರೆದು ಕೊಡಲು ಕೇಳಿ, ಮುಖ ನೋಡಿಕೊಂಡು ಸುಮ್ಮನಿರಬೇಡಿ. ಪ್ಲೀ ಇಲ್ಲದೆ ಡಿಸ್‌ಮಿಸ್ ಆಗುವಂತೆ ಪ್ರಾಸಿಕ್ಯೂಟರ್ ಜೊತೆ ಮಾತಾಡುವುದು ಮೊದಲ ಪ್ರಯತ್ನ. ಊರಿನ ಆರ್ಡಿನೆನ್ಸ್ (ಸ್ಥಳೀಯ ಆಡಳಿತದ ನಿಯಮ) ಉಲ್ಲಂಘನೆಗೆ ಇಳಿಸುವುದು ಎರಡನೆಯದು, ಅದರ ಬಗ್ಗೆ ವಕೀಲರಲ್ಲೇ ಒಮ್ಮತ ಇಲ್ಲ, ಕೇಳಿ ನಿರ್ಧರಿಸಿ. ಏನೇ ಆದರೂ, ಎಕ್ಸ್‌ಪಂಜ್ ಅರ್ಜಿ ಹಾಕುವ ಮೊದಲು ದೂರಿನದು, ತೀರ್ಪಿನದು ಎಲ್ಲದರ ಪ್ರಮಾಣಿತ ಪ್ರತಿಗಳನ್ನು ಕಟ್ಟುಗಟ್ಟಲೆ ತೆಗೆದಿಟ್ಟುಕೊಳ್ಳಿ. ಒಂದು ಸೆಟ್ ಊರಿನ ಮನೆಯಲ್ಲೂ ಇರಲಿ.

ಡಿಸೆಂಬರ್‌ಗೆ ಬೆಂಗಳೂರಿಗೆ ಟಿಕೆಟ್ ಆಗಿದೆ, ಹಾಗೇ ಸ್ಟ್ಯಾಂಪಿಂಗ್ ಕೂಡ ಮುಗಿಸಿಕೊಂಡು ಬರ್ತೀನಿ ಅಂತ ಕೊನೆಯಲ್ಲಿ ಬರೆದಿದ್ದೀರಿ. ಕೇಸ್ ಬಾಕಿ ಇರುವಾಗ ಹೊರಡಬೇಡಿ. ರೀಫಂಡ್ ಬರದಿದ್ದರೂ ಸರಿ, ಇವತ್ತೇ ಕ್ಯಾನ್ಸಲ್ ಮಾಡಿ, ಮನೆಯವರಿಗೆ ಪ್ರಾಜೆಕ್ಟ್ ರಿಲೀಸ್ ಇದೆ ಅಂತ ಹೇಳಿ.