ಪೆಟ್ಟಾಗಿದ್ದು ಫ್ರಾಂಕ್ ಮೆರಿಲ್‌ಗಲ್ಲ

ಎರಡು ಟಾರ್ಜನ್ ಸೀರಿಯಲ್ (ಥಿಯೇಟರಿನಲ್ಲಿ ಕಂತು ಕಂತಾಗಿ ತೋರಿಸುತ್ತಿದ್ದ ಸಿನಿಮಾ) ಮಾಡಿದ ನಟ ಫ್ರಾಂಕ್ ಮೆರಿಲ್ ಆಮೇಲೆ ಯಾಕೆ ಕಾಣಿಸಲಿಲ್ಲ, ಶೂಟಿಂಗ್‌ನಲ್ಲಿ ಪೆಟ್ಟಾಯ್ತಾ ಅಂತ ಕೇಳಿದ್ದೀರಿ. ಪೆಟ್ಟಾಗಿದ್ದು ಜೋ ಬೊನೊಮೊ ಅನ್ನೋ ಇನ್ನೊಬ್ಬ ನಟನಿಗೆ. 1928ರ 'ಟಾರ್ಜನ್ ದ ಮೈಟಿ'ಗೆ ಯೂನಿವರ್ಸಲ್ ಸ್ಟುಡಿಯೋದವರು ಮೊದಲು ಆರಿಸಿದ್ದು ಅವನನ್ನೇ. ಮೆರಿಲ್ ಬಂದದ್ದು ಅವನ ಜಾಗಕ್ಕೆ. ನೀವು ಓದಿದ ಕಡೆ ಇಬ್ಬರ ಕಥೆಯೂ ಬೆರೆತಿರಬೇಕು.

ಮೆರಿಲ್ ಮೂಲತಃ ಜಿಮ್ನಾಸ್ಟ್. 1921ರ ಟಾರ್ಜನ್ ಸೀರಿಯಲ್‌ನಲ್ಲಿ ಟಾರ್ಜನ್ ಆಗಿದ್ದ ಎಲ್ಮೊ ಲಿಂಕನ್‌ಗೆ ಡ್ಯೂಪ್ ಆಗಿದ್ದವನು. ಬಳ್ಳಿ ಹಿಡಿದು ಮರದಿಂದ ಮರಕ್ಕೆ ಜೀಕುವ ಟಾರ್ಜನ್ ಇದ್ದಾನಲ್ಲ, ಅದನ್ನು ತೆರೆಯ ಮೇಲೆ ರೂಢಿಗೆ ತಂದವನು ಇವನೇ. 12 ಕಂತು ಅಂದುಕೊಂಡಿದ್ದ 'ಮೈಟಿ'ಯನ್ನು 15ಕ್ಕೆ ಎಳೆದರು ಅಂದಮೇಲೆ ಜನ ಎಷ್ಟು ಮುಗಿಬಿದ್ದಿರಬೇಕು!

ಕೈಕೊಟ್ಟಿದ್ದು ಕಾಲ. 1929ರಲ್ಲಿ 'ಟಾರ್ಜನ್ ದ ಟೈಗರ್' ಬರುವ ಹೊತ್ತಿಗೆ ಎಲ್ಲೆಲ್ಲೂ ಟಾಕಿಯದೇ ಮಾತು. ಹಾಗಾಗಿ ಅದಕ್ಕೆ ಸಂಗೀತ, ಸದ್ದು, ಟಾರ್ಜನ್‌ನ ಕೂಗನ್ನೂ ಸೇರಿಸಿದರು. ಆ ಕೂಗು ಕೇಳಿದರೆ ನನಗಂತೂ ನಗು ತಡೆಯಲ್ಲ. ಮಾತಿನ ಚಿತ್ರಕ್ಕೆ ಮೆರಿಲ್ ಧ್ವನಿ ಒಗ್ಗಲ್ಲ ಅನ್ನಿಸಿ ಮೂರನೆಯ ಸೀರಿಯಲ್ ಯೋಜನೆ ಕೈಬಿಟ್ಟರು, ಅವನೂ ಸಿನಿಮಾ ಬಿಟ್ಟ.

ನೋಡಬೇಕೆಂದಿದ್ದರೆ 'ಟೈಗರ್' ಹುಡುಕಿ. 'ಮೈಟಿ'ಯ ಪ್ರತಿ ಉಳಿದಿಲ್ಲ.